ರಮ್ಮಿನ ಪೀಪಾಯಿಯ ಟಕೀಲಾ: ನನ್ನ ಮೂಗು ತಪ್ಪಿದ್ದು ಎಲ್ಲಿ

ಟಕೀಲಾ ಎಂಬ ಮೆಕ್ಸಿಕೋ ಮದ್ಯದ ಬಾಟಲಿಯ ಹಿಂಬದಿಯ ಚೀಟಿಯಲ್ಲಿ 'ಬಾರಿಕಾಸ್ ದೆ ರೋನ್', ಅಂದರೆ ರಮ್ಮಿನ ಪೀಪಾಯಿಗಳು, ಎಂದು ಓದಿದ ಕ್ಷಣದಲ್ಲೇ ನನ್ನ ಮೂಗು ತನ್ನ ತೀರ್ಪು ಬರೆದುಕೊಂಡುಬಿಟ್ಟಿತ್ತು ಎಂಬುದು ನನಗೆ ಗೊತ್ತಾದದ್ದು ಆರು ವಾರಗಳ ನಂತರ. ಮೊದಲ ಸಂಜೆ ಲೋಟಕ್ಕೆ ಬಗ್ಗಿಸಿ, ಮೂಸಿ, ಟಿಪ್ಪಣಿ ಪುಸ್ತಕದಲ್ಲಿ ನಾನು ಬರೆದದ್ದು ಮೂರೇ ಮಾತು: ಬೆಲ್ಲ, ಕಾಕಂಬಿ, ಆಲೆಮನೆ. ನಾನು ಮಂಡ್ಯ ಸೀಮೆಯವನು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕಕ್ಕೆ ಬರುವ ಹೊತ್ತಿನ ಘಮವೂ, 1933ರಲ್ಲಿ ಆರಂಭವಾದ ನಮ್ಮ ಸಕ್ಕರೆ ಕಾರ್ಖಾನೆಯ ಕಡೆಯಿಂದ ಗಾಳಿ ಬೀಸಿದಾಗ ಬರುತ್ತಿದ್ದ ಕಾಕಂಬಿಯ ಹುಳಿ ಬೆರೆತ ಘಾಟೂ ನನಗೆ ಯಾರೂ ಹೇಳಿಕೊಡಬೇಕಾದ ವಾಸನೆಗಳಲ್ಲ. ರಮ್ಮೆಂದರೆ ಕಾಕಂಬಿ, ಕಾಕಂಬಿಯೆಂದರೆ ನಮ್ಮೂರು. ಲೆಕ್ಕ ಸರಿಹೋಯಿತು ಎಂದುಕೊಂಡು ಪುಸ್ತಕ ಮುಚ್ಚಿದೆ.

ಕೆಲಸದ ನಿಮಿತ್ತ ಮೆಕ್ಸಿಕೋದ ಗ್ವಾದಲಹಾರಾ ನಗರಕ್ಕೆ ಬಂದು ಈಗ ಮೂರು ವರ್ಷ. ಇಲ್ಲಿಂದ ವಾಯವ್ಯಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ ಟಕೀಲಾ ಎಂಬ ಊರೇ ಇದೆ; ದಾರಿಯುದ್ದಕ್ಕೂ ನೀಲಿ ಛಾಯೆಯ ಕತ್ತಾಳೆ ಹೊಲಗಳು, ಹಿಂದೆ ಜ್ವಾಲಾಮುಖಿ ಬೆಟ್ಟ. ಈ ಕತ್ತಾಳೆ ಸೀಮೆಯನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಮ್ಮಲ್ಲಿ ಹೊಲದ ಬೇಲಿಗೂ ಹಗ್ಗದ ನಾರಿಗೂ ಒದಗುವ ಕತ್ತಾಳೆಯ ಹತ್ತಿರದ ನಂಟ ಇದು. ಆರೇಳು ವರ್ಷ ಬೆಳೆದ ಗಿಡದ ಮುಳ್ಳಿನ ಎಲೆಗಳನ್ನೆಲ್ಲ ಕೋವಾ ಎಂಬ ಉದ್ದ ಹಿಡಿಯ ದುಂಡು ಅಲಗಿನಿಂದ ಸವರಿ, ಒಳಗಿನ ಗಡ್ಡೆಯನ್ನು ಬೇಯಿಸಿ, ಹಿಂಡಿದ ರಸವನ್ನು ಹುದುಗಿಸಿ, ಎರಡು ಸಲ ಭಟ್ಟಿ ಇಳಿಸಿದರೆ ಟಕೀಲಾ. ಅನಾನಸಿನಂತೆ ಕಾಣುವುದರಿಂದ ಆ ಗಡ್ಡೆಗೆ ಇಲ್ಲಿನವರು ಪೀನ್ಯಾ ಎನ್ನುತ್ತಾರೆ. ಮರ ಮುಟ್ಟದೆ ಬಾಟಲಿಗೆ ಇಳಿದರೆ ಅದು ಬ್ಲಾಂಕೊ. ಓಕ್ ಮರದ ಪಾತ್ರೆಯಲ್ಲಿ ಕನಿಷ್ಠ ಎರಡು ತಿಂಗಳು ಕಳೆದರೆ ರೆಪೊಸಾಡೊ, ಹಾಗೆಂದರೆ ವಿಶ್ರಮಿಸಿದ್ದು. ಒಂದು ವರ್ಷ ದಾಟಿದರೆ ಅನ್ಯೆಹೊ. ಅದಕ್ಕೆ ಪೀಪಾಯಿ 600 ಲೀಟರಿಗಿಂತ ದೊಡ್ಡದಿರಬಾರದು ಎಂಬ ಕಟ್ಟಳೆಯೂ ಇದೆ. ಆದರೆ ಆ ಪೀಪಾಯಿಯಲ್ಲಿ ಮೊದಲು ಏನಿತ್ತು ಎಂಬುದರ ಬಗ್ಗೆ ನಿಯಮ ತಲೆಕೆಡಿಸಿಕೊಳ್ಳುವುದಿಲ್ಲ, ರಮ್ಮಿನ ಪೀಪಾಯಿಗೆ ಅವಕಾಶ ಸಿಗುವುದು ಅಲ್ಲಿಯೇ.

ಈ ಪೀಪಾಯಿಯ ಪೂರ್ವಾಶ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಮೆರಿಕದ ಕಾನೂನಿನ ಪ್ರಕಾರ ಬೂರ್ಬನ್ ವಿಸ್ಕಿಯನ್ನು ಒಳಗೆ ಸುಟ್ಟು ಕಪ್ಪಾಗಿಸಿದ ಹೊಸ ಓಕ್ ಪಾತ್ರೆಯಲ್ಲೇ ಇಡಬೇಕಾದ್ದರಿಂದ, ಒಮ್ಮೆ ಬಳಸಿದ ಸುಮಾರು 200 ಲೀಟರಿನ ಪೀಪಾಯಿಗಳು ಅವರಿಗೆ ಮತ್ತೆ ಬೂರ್ಬನ್ನಿಗೆ ಬರುವುದಿಲ್ಲ; ಅವು ಸ್ಕಾಟ್ಲೆಂಡಿಗೂ ಕೆರಿಬಿಯನ್ ದ್ವೀಪಗಳಿಗೂ ಮೆಕ್ಸಿಕೋಗೂ ಮಾರಾಟವಾಗುತ್ತವೆ. ಹೀಗಾಗಿ ರಮ್ಮಿನ ಪೀಪಾಯಿ ಎಂದು ಚೀಟಿಯಲ್ಲಿ ಕಾಣುವುದು ಬಹುಮಟ್ಟಿಗೆ ಮೂರನೆಯ ಸಂಸಾರ ಹೂಡಿರುವ ಮರ: ಮೊದಲು ವಿಸ್ಕಿ, ಆಮೇಲೆ ರಮ್, ಈಗ ಟಕೀಲಾ. ವೆನಿಲ್ಲಾದ ಪರಿಮಳ, ಕೊಬ್ಬರಿಯ ಜಿಡ್ಡುಜಿಡ್ಡಾದ ವಾಸನೆ, ಲವಂಗದ ಖಾರ ಇವೆಲ್ಲ ಓಕ್ ಮರದಿಂದಲೇ ಬರುವಂಥವು, ಮತ್ತು ಅವುಗಳ ಬಹುಪಾಲನ್ನು ಮೊದಲ ಇಬ್ಬರು ಹೀರಿಕೊಂಡಿರುತ್ತಾರೆ. ಅದಕ್ಕೆ ಬದಲಾಗಿ ಹಲಗೆಗಳ ಒಳಗೆ ಕೆಲವು ಲೀಟರಿನಷ್ಟು ರಮ್ ಇಂಗಿ ಕುಳಿತಿರುತ್ತದೆ, ಟಕೀಲಾ ತುಂಬಿದ ಮೇಲೆ ಅದು ಮೆಲ್ಲಗೆ ಹೊರಗೆ ಬರುತ್ತದೆ. ಇದು ಗೊತ್ತಿದ್ದೂ ನಾನು ಮೊದಲ ದಿನ ಆ ಬೆಲ್ಲ ಮರದಿಂದ ಬಂದದ್ದೆಂದು ಎಣಿಸಿದ್ದು ನನ್ನ ಅವಸರ.

ಅನುಮಾನ ಹುಟ್ಟಿದ್ದು ಟಕೀಲಾ ಊರಿನ ಒಂದು ಭಟ್ಟಿಯನ್ನು ನೋಡಲು ಹೋದಾಗ. ಇಟ್ಟಿಗೆಯ ಒಲೆಕೋಣೆಯ ಬಾಗಿಲು ತೆರೆದಿದ್ದರು. ಎರಡು ದಿನ ಹಬೆಯಲ್ಲಿ ಬೆಂದ ಪೀನ್ಯಾ ತುಂಡುಗಳು ಕಂದು ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಜೋನಿ ಬೆಲ್ಲದಂಥ ಅಂಟು ಜಿನುಗುತ್ತಿತ್ತು. ಕೆಲಸದವರೊಬ್ಬರು ಒಂದು ಎಸಳನ್ನು ಕಿತ್ತು ಕೈಗಿತ್ತರು. ಕಬ್ಬು ಜಗಿಯುವಂತೆ ಜಗಿದು ಸಿಪ್ಪೆ ಉಗುಳಿದೆ. ಕೆಂಡದಲ್ಲಿ ಸುಟ್ಟ ಗೆಣಸಿನ ರುಚಿಯ ಹಿಂದೆಯೇ ಸ್ಪಷ್ಟವಾಗಿ, ಯಾವ ರಮ್ಮೂ ಯಾವ ಪೀಪಾಯಿಯೂ ಇಲ್ಲದೆ, ಆಲೆಮನೆಯ ಪಾಕದ ವಾಸನೆ ಬಂತು.

ಮರಳಿ ಬಂದವನು ನನ್ನ ರಮ್ಮಿನ ಪೀಪಾಯಿಯ ರೆಪೊಸಾಡೊ ತಯಾರಿಸಿದವರದೇ ಬ್ಲಾಂಕೊ ಮತ್ತು ಬರೀ ಬೂರ್ಬನ್ ಪೀಪಾಯಿಯಲ್ಲಿಟ್ಟ ಅವರ ಮಾಮೂಲು ರೆಪೊಸಾಡೊ, ಎರಡನ್ನೂ ಕೊಂಡೆ. ಪ್ರತಿ ಟಕೀಲಾ ಬಾಟಲಿಯ ಮೇಲೂ 'ನೋಮ್' ಎಂಬ ಅಕ್ಷರಗಳ ಜೊತೆಗೆ ನಾಲ್ಕು ಅಂಕೆಯ ಸಂಖ್ಯೆಯೊಂದಿರುತ್ತದೆ, ಅದು ತಯಾರಿಸಿದ ಭಟ್ಟಿಯ ಗುರುತು; ಮೂರೂ ಬಾಟಲಿಗಳಲ್ಲಿ ಆ ಸಂಖ್ಯೆಯೂ ಶೇಕಡಾ 40ರ ಮದ್ಯಸಾರವೂ ಒಂದೇ ಇರುವುದನ್ನು ನೋಡಿಕೊಂಡೆ. ಬೇರೆ ಬೇರೆ ಮನೆಯ ಸಾರುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಉಪ್ಪಿನ ಬಗ್ಗೆ ತೀರ್ಪು ಕೊಡಲಾಗುವುದಿಲ್ಲವಷ್ಟೆ. ಲೋಟದ ವಿಷಯದಲ್ಲಿ ನಾನು ಹಟಮಾರಿ: ಚಿಕ್ಕ ಶಾಟ್ ಗ್ಲಾಸು, ಉಪ್ಪು, ನಿಂಬೆ, ಮಂಜುಗಡ್ಡೆ ಯಾವುದೂ ಬೇಡ. ರಿಡೆಲ್ ಕಂಪನಿಯವರು ಟಕೀಲಾಕ್ಕೆಂದೇ ಮಾಡಿದ ನೀಳವಾದ ಗ್ಲಾಸು ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಬಾಯಿ ಕಿರಿದಾದ ಯಾವ ವೈನ್ ಗ್ಲಾಸಾದರೂ ನಡೆಯುತ್ತದೆ. ಒಂದೊಂದರಲ್ಲಿ 15 ಮಿಲಿಲೀಟರ್, ಹತ್ತು ನಿಮಿಷ ಸುಮ್ಮನೆ ಬಿಡುವುದು, ಬಾಯಿಗೆ ಹಾಕಿಕೊಂಡದ್ದರಲ್ಲಿ ಹೆಚ್ಚಿನದನ್ನು ಉಗುಳುವುದು.

ಮೊದಲ ಪ್ರಯತ್ನ ಹಾಳಾಯಿತು. ಅಡುಗೆಮನೆಯಲ್ಲಿ ಆಗತಾನೆ ಸಾರಿಗೆ ಇಂಗಿನ ಒಗ್ಗರಣೆ ಬಿದ್ದಿತ್ತು, ಮೂರು ಗ್ಲಾಸಿನಲ್ಲೂ ನನಗೆ ಇಂಗೇ. ಅಂದಿನಿಂದ ರುಚಿ ನೋಡುವ ಕೆಲಸವನ್ನು ಭಾನುವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಕಿಟಕಿ ತೆರೆದು, ಊಟಕ್ಕೆ ಮುಂಚೆ ಮಾಡುವುದೆಂದು ಗೊತ್ತುಮಾಡಿಕೊಂಡೆ. ಬೆಳಗ್ಗೆಯೇ ಬಾಟಲಿ ತೆರೆಯುವವನೆಂಬ ಹೆಸರು ನೆರೆಮನೆಯಲ್ಲಿ ಬಂದಿದ್ದರೆ ಅದಕ್ಕೆ ಇಂಗೇ ಹೊಣೆ.

ಬಣ್ಣ ನೋಡಿದರೆ ಬ್ಲಾಂಕೊ ಯಾವುದೆಂದು ಕುರುಡನಿಗೂ ತಿಳಿಯುತ್ತದೆಯಾದ್ದರಿಂದ, ನನ್ನ ಪತ್ನಿ ಗ್ಲಾಸುಗಳಿಗೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ ಸುತ್ತಿ, ತಳದಲ್ಲಿ ಗುರುತು ಬರೆದು, ಕ್ರಮ ಬದಲಿಸಿ ತಂದಿಟ್ಟಳು. ನಾನು ಮೂಸಿ ಬರೆದೆ. ಎರಡನೆಯ ಗ್ಲಾಸಿನ ಎದುರು 'ಬೆಲ್ಲ, ಎಲ್ಲಕ್ಕಿಂತ ಹೆಚ್ಚು. ಖಂಡಿತ ರಮ್ಮಿನ ಪೀಪಾಯಿ' ಎಂದು ಬರೆದು ಅಡಿಗೆರೆಯನ್ನೂ ಎಳೆದಿದ್ದೆ. ಎತ್ತಿ ತಳ ನೋಡಿದರೆ ಬ್ಲಾಂಕೊ! ಮರವನ್ನೇ ಕಾಣದ ದ್ರವದಲ್ಲಿ ನಾನು ರಮ್ಮಿನ ಪೀಪಾಯಿಯನ್ನು ಪತ್ತೆಹಚ್ಚಿದ್ದೆ. ಪತ್ನಿ ಏನೂ ಹೇಳದೆ ಪೆನ್ನಿನ ಮುಚ್ಚಳ ಹಾಕಿಟ್ಟಳು.

ಕಾರಣ ಯೋಚಿಸಿದರೆ ಸರಳ. ಕತ್ತಾಳೆಯ ಗಡ್ಡೆಯಲ್ಲಿರುವ ಇನ್ಯುಲಿನ್ ಮಾದರಿಯ, ಸಕ್ಕರೆಯ ಉದ್ದ ಸರಪಳಿಯಂಥ ವಸ್ತು ದೀರ್ಘ ಕಾಲದ ಶಾಖಕ್ಕೆ ಒಡೆದು ಫ್ರಕ್ಟೋಸ್ ಸಕ್ಕರೆಯಾಗುತ್ತದೆ, ಆ ಸಕ್ಕರೆ ಮತ್ತೆ ಕಾದು ಕಂದಾಗುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲಿಗೆ ಆಗುವುದೂ ಬಹುಮಟ್ಟಿಗೆ ಅದೇ ಬಗೆಯ ಕಂದಾಗುವಿಕೆ. ನಾನು ರಮ್ಮಿನ ಲೆಕ್ಕಕ್ಕೆ ಬರೆದುಕೊಂಡಿದ್ದ ಜಮೆ ನಿಜವಾಗಿ ಒಲೆಗೆ ಸೇರಬೇಕಾದದ್ದು.

ಹಾಗಾದರೆ ರಮ್ಮಿನ ಪೀಪಾಯಿ ಏನನ್ನೂ ಮಾಡಿಲ್ಲವೆ? ಇದನ್ನು ತಿಳಿಯಲು ಎರಡು ರೆಪೊಸಾಡೊಗಳನ್ನು ಮಾತ್ರ ಇಟ್ಟುಕೊಂಡು ತ್ರಿಕೋನ ಪರೀಕ್ಷೆ ಮಾಡಿದೆ. ಮೂರು ಗ್ಲಾಸು, ಎರಡರಲ್ಲಿ ಒಂದೇ ದ್ರವ, ಮೂರನೆಯದರಲ್ಲಿ ಇನ್ನೊಂದು. ಬೇರೆಯದು ಯಾವುದೆಂದು ಹೇಳಬೇಕು. ಕಣ್ಣುಮುಚ್ಚಿ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದೆರಡು ಸಲದ ಗೆಲುವಿಗೆ ಬೆಲೆಯಿಲ್ಲ. ಮೂರು ಭಾನುವಾರಗಳಲ್ಲಿ 9 ಸಲ ಮಾಡಿ 7 ಸಲ ಸರಿಯಾಗಿ ಹೇಳಿದೆ. ವ್ಯತ್ಯಾಸ ಇದ್ದೇ ಇತ್ತು, ಆದರೆ ನಾನು ಹುಡುಕುತ್ತಿದ್ದ ಜಾಗದಲ್ಲಿ ಇರಲಿಲ್ಲ.

ಅದು ಹಣ್ಣಿನಲ್ಲಿತ್ತು. ರಮ್ಮಿನ ಪೀಪಾಯಿಯದರಲ್ಲಿ ಸಿಪ್ಪೆ ಕಪ್ಪಾಗುವಷ್ಟು ಕಳಿತ ಬಾಳೆಹಣ್ಣಿನ ವಾಸನೆ, ಅದರ ಹಿಂದೆ ನೆನೆಸಿದ ಒಣದ್ರಾಕ್ಷಿ. ಹುದುಗುವ ಕಾಕಂಬಿಯಲ್ಲಿ ಎಸ್ಟರ್ ಎಂಬ ಪರಿಮಳದ ಸಂಯುಕ್ತಗಳು ಧಾರಾಳವಾಗಿ ಹುಟ್ಟುತ್ತವೆ, ಅವುಗಳಲ್ಲೊಂದಕ್ಕೆ ಬಾಳೆಹಣ್ಣಿನದೇ ವಾಸನೆ. ಜಮೈಕಾದ ಕೆಲವು ರಮ್ಮುಗಳು ಇದಕ್ಕೇ ಹೆಸರಾದವು. ಮಾಮೂಲು ರೆಪೊಸಾಡೊದಲ್ಲಿ ಕೊಬ್ಬರಿಯೂ ವೆನಿಲ್ಲಾವೂ ಎದ್ದು ಕಾಣುತ್ತಿದ್ದರೆ ಇದರಲ್ಲಿ ಅವೆರಡೂ ಹಿಂದೆ ಸರಿದಿದ್ದವು. ನಾಲಿಗೆಯ ಮೇಲೆ ಇನ್ನೊಂದು ಗಮನಿಸಿದೆ: ಬ್ಲಾಂಕೊ ನುಂಗಿದ ಮೇಲೆ ಬರುವ ಕಾಳುಮೆಣಸಿನ ಚುರುಕು ರಮ್ಮಿನ ಪೀಪಾಯಿಯದರಲ್ಲಿ ಮೊಂಡಾಗಿತ್ತು, ಅದರ ಜಾಗದಲ್ಲಿ ತೆಳುವಾದ ಒಗರು ಉಳಿಯುತ್ತಿತ್ತು. ಕೆಲವರಿಗೆ ಇದು ನಯ, ನನಗೆ ನಷ್ಟ. ಕತ್ತಾಳೆಯ ಆ ಚುರುಕಿಗಾಗಿಯೇ ಟಕೀಲಾ ಕುಡಿಯುವವನು ನಾನು.

ಪಕ್ಕಾ ಮಾಡಿಕೊಳ್ಳಲು ಮಾಮೂಲು ರೆಪೊಸಾಡೊ 40 ಮಿಲಿಲೀಟರಿಗೆ ಅರ್ಧ ಚಮಚೆ ಕಪ್ಪು ರಮ್ ಬೆರೆಸಿ ನೋಡಿದೆ. ವಾಸನೆ ಹತ್ತಿರ ಬಂತು, ರುಚಿ ಬರಲಿಲ್ಲ. ರಮ್ ಮೇಲೆ ತೇಲುತ್ತಿರುವಂತೆ, ಎರಡು ದನಿಗಳು ಶ್ರುತಿ ಸೇರದೆ ಹಾಡಿದಂತೆ ಇತ್ತು. ಮರದೊಳಗೆ ತಿಂಗಳುಗಟ್ಟಲೆ ಕಳೆದದ್ದಕ್ಕೂ ಚಮಚೆಯಲ್ಲಿ ಕಲಸಿದ್ದಕ್ಕೂ ಅಷ್ಟು ಅಂತರವಿದೆ. ನಾಲ್ಕು ಹನಿ ನೀರು ಬೆರೆಸಿದಾಗ ಪೀಪಾಯಿಯದರಲ್ಲಿ ಬಾಳೆಹಣ್ಣು ಇನ್ನಷ್ಟು ಅರಳಿತು, ಎಂಟು ಹನಿಗೆ ಎಲ್ಲವೂ ತೆಳ್ಳಗಾಯಿತು.

ಸಿಹಿಯ ಬಗ್ಗೆ ಒಂದು ಮಾತು ಉಳಿಯಿತು. ರೆಪೊಸಾಡೊಗೆ ಕ್ಯಾರಮೆಲ್ ಬಣ್ಣ, ಓಕ್ ಸಾರ, ಗ್ಲಿಸರಿನ್, ಸಕ್ಕರೆ ಪಾಕ ಇವನ್ನು ತೂಕದ ಶೇಕಡಾ 1ರವರೆಗೆ ಚೀಟಿಯಲ್ಲಿ ಬರೆಯದೆಯೂ ಸೇರಿಸಲು ಮೆಕ್ಸಿಕೋದ ಮಾನದಂಡ ಬಿಡುತ್ತದೆ. ನಾಲಿಗೆಗೆ ತಕ್ಷಣ ಸಿಗುವ, ತುಟಿಗೆ ಅಂಟುವ ಸಿಹಿಯನ್ನು ರಮ್ಮಿನ ತಲೆಗೆ ಕಟ್ಟುವ ಮೊದಲು ಇದು ನೆನಪಿರಬೇಕು. ಭಟ್ಟಿ ಇಳಿದ ರಮ್ಮಿನಲ್ಲಿ ಸಕ್ಕರೆಯೇ ಇರುವುದಿಲ್ಲ. ಅಂಗೈಗೆ ಎರಡು ಹನಿ ಹಾಕಿ ಉಜ್ಜಿ, ಒಣಗಿದ ಮೇಲೆ ಬೆರಳು ಮುಟ್ಟಿಸಿ ನೋಡುವ ರೂಢಿ ಇಲ್ಲಿದೆ. ಪ್ರಯೋಗಾಲಯದ ಪರೀಕ್ಷೆಯೇನಲ್ಲ, ಆದರೂ ನಾನು ಮಾಡುತ್ತೇನೆ. ನನ್ನ ಬಾಟಲಿಯದು ಅಂಟಲಿಲ್ಲ, ಅಂಗೈಯಲ್ಲಿ ಉಳಿದದ್ದು ಸುಟ್ಟ ಗೆಣಸಿನ ವಾಸನೆ.

ಈಗ ಕೊನೆಯ ಪರೀಕ್ಷೆಯನ್ನು ಮರುದಿನ ಬೆಳಗ್ಗೆಗೆ ಬಿಡುತ್ತೇನೆ. ಗ್ಲಾಸುಗಳನ್ನು ತೊಳೆಯದೆ ರಾತ್ರಿಯಿಡೀ ಮೇಜಿನ ಮೇಲಿಟ್ಟರೆ ಮದ್ಯಸಾರವೆಲ್ಲ ಹಾರಿಹೋಗಿ ತಳದಲ್ಲಿ ವಾಸನೆಯಷ್ಟೇ ಉಳಿಯುತ್ತದೆ. ಕಳೆದ ಸೋಮವಾರ ಕಚೇರಿಗೆ ಹೊರಡುವ ಮುನ್ನ ಮೂರನ್ನೂ ಮೂಸಿದೆ: ಮಾಮೂಲಿನದರಲ್ಲಿ ಹಳೆಯ ಮರದ ಪೆಟ್ಟಿಗೆ, ರಮ್ಮಿನ ಪೀಪಾಯಿಯದರಲ್ಲಿ ಒಣದ್ರಾಕ್ಷಿ ಮತ್ತು ಒದ್ದೆ ಹಲಗೆ. ಆಲೆಮನೆ ಇದ್ದದ್ದು ಬ್ಲಾಂಕೊದ ಗ್ಲಾಸಿನಲ್ಲಿ.