ಎಡಪುಟ, ಬಲಪುಟ: ಪತ್ತೇದಾರಿ ಮತ್ತು ಫ್ಯಾಂಟಸಿ ಕಾದಂಬರಿಗಳ ಜೊತೆ ಒಂದು ವರ್ಷ

ಕಳೆದ ವರ್ಷದ ಮೊದಲ ವಾರದಲ್ಲಿ ಇನ್ನೂರು ಪುಟಗಳ ಒಂದು ನೋಟ್‌ಬುಕ್ ತೆರೆದು, ಅದರ ಎಡಪುಟಗಳನ್ನು ಪತ್ತೇದಾರಿ ಕಾದಂಬರಿಗಳಿಗೂ ಬಲಪುಟಗಳನ್ನು ಫ್ಯಾಂಟಸಿ ಕಾದಂಬರಿಗಳಿಗೂ ಮೀಸಲಿಟ್ಟೆ. ವರ್ಷ ಮುಗಿಯುವ ಹೊತ್ತಿಗೆ ಎಡಗಡೆ 23, ಬಲಗಡೆ 18, ಒಟ್ಟು 41 ಕಾದಂಬರಿಗಳು ದಾಖಲಾಗಿದ್ದವು. ಅರ್ಧಕ್ಕೇ ಕೈಬಿಟ್ಟ 6 ಪುಸ್ತಕಗಳನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಸಂಖ್ಯೆ ದೊಡ್ಡದೇನೂ ಅಲ್ಲ. ಇದಕ್ಕಿಂತ ಹೆಚ್ಚು ಓದಿದ ವರ್ಷಗಳೂ ನನಗೆ ಇವೆ. ಆದರೆ ಆ ವರ್ಷಗಳಲ್ಲಿ ಏನನ್ನು ಓದಿದೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ, ಈ ವರ್ಷದ ಪ್ರತಿಯೊಂದು ಪುಸ್ತಕದ ಬಗ್ಗೆಯೂ ಏನಾದರೂ ಹೇಳಬಲ್ಲೆ.

ನೋಟ್‌ಬುಕ್ಕಿನ ಯೋಚನೆ ಹುಟ್ಟಿದ್ದು ಒಂದು ಸಣ್ಣ ಅವಮಾನದಿಂದ. ಪತ್ತೇದಾರಿ ಕಾದಂಬರಿಯೊಂದನ್ನು ಹೊಸದೆಂದೇ ಭಾವಿಸಿ ಓದುತ್ತಾ ಹೋದವನಿಗೆ, ನೂರ ನಲವತ್ತನೆಯ ಪುಟದಲ್ಲಿ ಮಾಲಿಯೊಬ್ಬ ಕೈಗವಸು ಕಳೆದುಹೋಯಿತೆಂದು ದೂರುವ ಸಂದರ್ಭ ಬಂದಾಗ, ಇದನ್ನು ಎರಡು ವರ್ಷಗಳ ಹಿಂದೆಯೇ ಓದಿ ಮುಗಿಸಿದ್ದೇನೆಂಬುದು ಹೊಳೆಯಿತು. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಓದಿದ್ದು ನೆನಪಾದ ಮೇಲೂ ಕೊಲೆಗಾರ ಯಾರೆಂಬುದು ನೆನಪಾಗಲಿಲ್ಲ. ಫ್ಯಾಂಟಸಿಯ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ತೊಂದರೆಯಿತ್ತು. ಒಂದೇ ದೊಡ್ಡ ಕಾದಂಬರಿಯನ್ನು ಮೂರು ಬಾರಿ ಕೈಗೆತ್ತಿಕೊಂಡು, ಮೂರು ಬಾರಿಯೂ ಅರವತ್ತನೆಯ ಪುಟದ ಆಸುಪಾಸಿನಲ್ಲಿ ಹೆಸರುಗಳ ಭಾರಕ್ಕೆ ಸೋತು ಕೆಳಗಿಟ್ಟಿದ್ದೆ. ಹೀಗಾಗಿ ಒಂದು ಪತ್ತೇದಾರಿ, ಅದರ ಹಿಂದೆಯೇ ಒಂದು ಫ್ಯಾಂಟಸಿ ಎಂಬ ಸರದಿಯಲ್ಲಿ ಓದಬೇಕೆಂದೂ, ಎರಡನ್ನೂ ಪೆನ್ಸಿಲ್ ಹಿಡಿದೇ ಓದಬೇಕೆಂದೂ ನಿರ್ಧರಿಸಿದೆ.

ಎಡಪುಟದ ನಿಯಮ ಒಂದೇ ಒಂದು: ರಹಸ್ಯ ಬಯಲಾಗುವ ಅಧ್ಯಾಯಕ್ಕೆ ಮುನ್ನ ಪುಸ್ತಕವನ್ನು ಮುಚ್ಚಿ, ಕೊಲೆಗಾರ ಯಾರು, ಹಾಗೆ ಹೇಳಲು ಕಾರಣವೇನು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಈ ಆಟ ನನ್ನ ಆವಿಷ್ಕಾರವಲ್ಲ. ಎಲರಿ ಕ್ವೀನ್ ಎಂಬ ಒಂದೇ ಹೆಸರಿನಲ್ಲಿ ಬರೆಯುತ್ತಿದ್ದ ಇಬ್ಬರು ಸೋದರ ಸಂಬಂಧಿಗಳು 1929ರಲ್ಲಿ ಪ್ರಕಟವಾದ ತಮ್ಮ ಮೊದಲ ಕಾದಂಬರಿಯಲ್ಲಿಯೇ, ಬೇಕಾದ ಸುಳಿವುಗಳೆಲ್ಲ ಈಗ ನಿಮ್ಮ ಕೈಯಲ್ಲಿವೆ ಎಂದು ಕಥೆಯನ್ನು ನಿಲ್ಲಿಸಿ ಓದುಗನಿಗೆ ಸವಾಲು ಹಾಕಿದ್ದರು; ಮುಂದಿನ ಹಲವು ಕಾದಂಬರಿಗಳಲ್ಲಿಯೂ ಆ ಪದ್ಧತಿಯನ್ನು ಉಳಿಸಿಕೊಂಡರು. ಅಂಥ ಪುಸ್ತಕಗಳಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಲೇಖಕರೇ ಹೇಳಿಬಿಡುತ್ತಾರೆ. ಉಳಿದ ಕಡೆ ನಾನೇ ಊಹಿಸಬೇಕಾಗಿತ್ತು. ಪತ್ತೇದಾರ ಇದ್ದಕ್ಕಿದ್ದಂತೆ ಮೌನಿಯಾದರೆ, ಯಾರಿಗೋ ತಂತಿ ಕಳಿಸಿ ಉತ್ತರಕ್ಕಾಗಿ ಕಾದರೆ, ಅಥವಾ ಎಲ್ಲರನ್ನೂ ಸಂಜೆ ಒಂದೇ ಕೋಣೆಗೆ ಬರಹೇಳಿದರೆ, ಪುಸ್ತಕ ಮುಚ್ಚುವ ಹೊತ್ತು ಬಂದಿತೆಂದೇ ಅರ್ಥ. ಎರಡು ಬಾರಿ ಮಾತ್ರ ತಡವಾಗಿ, ಹೆಸರು ಕಣ್ಣಿಗೆ ಬಿದ್ದೇಬಿಟ್ಟಿತು. ಆ ಎರಡನ್ನೂ ಸೋಲೆಂದೇ ಬರೆದುಕೊಂಡಿದ್ದೇನೆ.

ಇಲ್ಲಿ ಇ-ಪುಸ್ತಕದ ಬಗ್ಗೆ ಒಂದು ಮಾತು ಹೇಳಬೇಕು. ಪರದೆಯ ಕೆಳಗೆ ಶೇಕಡಾ 62 ಎಂದು ತೋರಿಸುತ್ತಿರುವಾಗ ಪೊಲೀಸರು ಯಾರನ್ನಾದರೂ ಬಂಧಿಸಿದರೆ, ಆ ಮನುಷ್ಯ ನಿರಪರಾಧಿ ಎಂಬುದನ್ನು ತಿಳಿಯಲು ಯಾವ ಸುಳಿವೂ ಬೇಕಾಗುವುದಿಲ್ಲ. ಮುದ್ರಿತ ಪುಸ್ತಕದಲ್ಲಿಯೂ ಬಲಗೈಗೆ ಉಳಿದ ಪುಟಗಳ ದಪ್ಪ ತಿಳಿಯುತ್ತದೆಯಾದರೂ ಅದು ಇಷ್ಟು ನಿರ್ದಯವಾಗಿ ಲೆಕ್ಕ ಒಪ್ಪಿಸುವುದಿಲ್ಲ. ಮಾರ್ಚ್ ತಿಂಗಳಿನಿಂದ ಆ ಅಂಕಿಯನ್ನು ಮರೆಮಾಡಿಕೊಂಡು ಓದಿದೆ, ಓದು ಆಗಿನಿಂದ ಎಷ್ಟೋ ಸುಧಾರಿಸಿತು.

ವರ್ಷದ ಫಲಿತಾಂಶ ಹೆಮ್ಮೆಪಡುವಂತಿಲ್ಲ. 23ರಲ್ಲಿ 7 ಬಾರಿ ಕೊಲೆಗಾರನ ಹೆಸರನ್ನು ಸರಿಯಾಗಿ ಬರೆದಿದ್ದೆ. ಆದರೆ ಕಾರಣದ ಅಂಕಣವನ್ನೂ ನೋಡಿದರೆ ಆ 7ರಲ್ಲಿ 3 ಮಾತ್ರ ನಿಜವಾಗಿ ಸರಿ. ಉಳಿದ ನಾಲ್ಕರಲ್ಲಿ ‘ಈ ಮನುಷ್ಯ ಎಲ್ಲರಿಗೂ ಅತಿಯಾಗಿ ಉಪಕಾರ ಮಾಡುತ್ತಾನೆ’, ‘ಇವಳಿಗೆ ಕಥೆಯಲ್ಲಿ ಬೇರೆ ಕೆಲಸವೇ ಇಲ್ಲ’ ಎಂಬಂಥ ಕಾರಣಗಳಿವೆ. ಅವು ಕೊಲೆಯ ಬಗೆಗಿನ ತರ್ಕವಲ್ಲ, ಕಾದಂಬರಿ ಕಟ್ಟುವ ರೂಢಿಯ ಬಗೆಗಿನ ಅನುಮಾನ. ಲೇಖಕ ಒಂದು ಪಾತ್ರವನ್ನು ಸುಮ್ಮನೆ ತಂದಿರಲಾರ ಎಂಬ ಹಳೆಯ ಓದುಗನ ಚಾಣಾಕ್ಷತನದಿಂದ ಗೆದ್ದ ಗೆಲುವುಗಳವು; ಪಕ್ಕದವನ ಉತ್ತರಪತ್ರಿಕೆ ನೋಡಿ ಅಂಕ ಗಳಿಸಿದ ಹಾಗೆ. ಹೆಸರು ತಪ್ಪಾಗಿಯೂ ಕಾರಣ ಅರ್ಧ ಸರಿಯಾಗಿದ್ದ ಪುಸ್ತಕಗಳೇ ನನಗೆ ಹೆಚ್ಚು ತೃಪ್ತಿ ಕೊಟ್ಟವು.

ಏಪ್ರಿಲ್‌ನಲ್ಲಿ ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ ‘ದಿ ಮೂನ್‌ಸ್ಟೋನ್’ ಓದಿದ ನಂತರ ಟಿಪ್ಪಣಿಯ ಕ್ರಮವನ್ನೇ ಬದಲಿಸಿದೆ. ಕಳುವಾದ ವಜ್ರವೊಂದರ ಆ ಕಥೆಯನ್ನು ಹಲವರು ಸರದಿಯ ಮೇಲೆ ಹೇಳುತ್ತಾರೆ, ಪ್ರತಿಯೊಬ್ಬರೂ ತಾವು ಕಂಡು ತಿಳಿದಷ್ಟನ್ನು ಮಾತ್ರ ಹೇಳಬೇಕೆಂಬುದು ಅಲ್ಲಿನ ಕರಾರು. ಅದನ್ನು ಓದುತ್ತಿದ್ದಾಗ, ನಾನು ಅಷ್ಟು ದಿನ ಒಂದು ಮಾತನ್ನು ಯಾರು ಹೇಳಿದರು ಎಂಬುದನ್ನೇ ಬರೆದುಕೊಂಡಿಲ್ಲವೆಂಬುದು ಗಮನಕ್ಕೆ ಬಂತು. ‘ಹತ್ತು ಗಂಟೆಗೆ ದೀಪ ಆರಿತ್ತು’ ಎಂಬ ವಾಕ್ಯ ನಿರೂಪಕನದಾದರೆ ಒಂದು ಬೆಲೆ, ಮನೆಯ ಅಳಿಯ ಆಡಿದ ಮಾತಾದರೆ ಇನ್ನೊಂದು ಬೆಲೆ. ಅಂದಿನಿಂದ ನಿರೂಪಕನ ಮಾತನ್ನು ನೀಲಿ ಶಾಯಿಯಲ್ಲಿಯೂ ಪಾತ್ರಗಳ ಮಾತನ್ನು ಕೆಂಪು ಶಾಯಿಯಲ್ಲಿಯೂ ಬರೆಯತೊಡಗಿದೆ. ಒಂದು ಕಾದಂಬರಿಯಲ್ಲಿ ಕೊಲೆಯ ಸಮಯವನ್ನು ಕುರಿತ ನನ್ನ ಟಿಪ್ಪಣಿಯೆಲ್ಲವೂ ಕೆಂಪಾಗಿಯೇ ಇರುವುದನ್ನು ಕಂಡು, ಅಂದರೆ ಆ ಸಮಯವನ್ನು ನಿರೂಪಕ ಒಮ್ಮೆಯೂ ತಾನಾಗಿ ಹೇಳಿಲ್ಲವೆಂಬುದನ್ನು ಕಂಡು, ಕೊಲೆ ಎಲ್ಲರೂ ಅಂದುಕೊಂಡ ಹೊತ್ತಿಗೆ ನಡೆದಿಲ್ಲವೆಂದು ಬರೆದೆ. ಮೂರು ನಿಜವಾದ ಗೆಲುವುಗಳಲ್ಲಿ ಅದೊಂದು. ‘ನಾನು’ ಎಂದೇ ಕಥೆ ಹೇಳುವ ನಿರೂಪಕನಿಗೆ ಯಾವ ಶಾಯಿ ಬಳಸಬೇಕೆಂಬುದು ಮಾತ್ರ ವರ್ಷದ ಕೊನೆಯವರೆಗೂ ಇತ್ಯರ್ಥವಾಗಲಿಲ್ಲ.

ಬಲಪುಟದ ಆರಂಭ ಅಷ್ಟು ಸುಗಮವಾಗಿರಲಿಲ್ಲ. ಹಿಂದಿನ ಸೋಲುಗಳನ್ನು ನೆನೆದು, ಫೆಬ್ರವರಿಯಲ್ಲಿ ಎಂಟುನೂರು ಪುಟಗಳ ಕಾದಂಬರಿಯೊಂದನ್ನು ತೆರೆಯುತ್ತಲೇ ಕೊನೆಯಲ್ಲಿದ್ದ ಪದಕೋಶವನ್ನೂ ರಾಜಮನೆತನದ ವಂಶವೃಕ್ಷವನ್ನೂ ಪರೀಕ್ಷೆಗೆ ಓದುವವನಂತೆ ಓದಿದೆ. ನೂರನೆಯ ಪುಟದಲ್ಲಿ ಯುವರಾಣಿಯೊಬ್ಬಳು ವಿಷಪ್ರಾಶನವಾಗಿ ಸಾವು ಬದುಕಿನ ನಡುವೆ ಮಲಗಿದ್ದಾಗ, ಅರಮನೆಯವರೆಲ್ಲ ಕಣ್ಣೀರಿಡುತ್ತಿದ್ದರೂ ನನಗೆ ಎಳ್ಳಷ್ಟೂ ಆತಂಕವಾಗಲಿಲ್ಲ, ಏಕೆಂದರೆ ವಂಶವೃಕ್ಷದಲ್ಲಿ ಅವಳ ಹೆಸರಿನ ಕೆಳಗೆ ಎರಡು ಮಕ್ಕಳ ಹೆಸರುಗಳಿದ್ದವು. ಆಮೇಲೆ ಪುಸ್ತಕದ ಕೊನೆಯ ಪುಟಗಳನ್ನು ಮುಟ್ಟದೆ, ಹೆಸರುಗಳ ಪಟ್ಟಿಯನ್ನು ನಾನೇ ಮಾಡಿಕೊಳ್ಳುತ್ತಾ ಹೋದೆ. ಪ್ರತಿ ಹೆಸರಿನ ಮುಂದೆ ಪದವಿಯನ್ನಾಗಲೀ ವಂಶವನ್ನಾಗಲೀ ಬರೆಯದೆ, ಆ ವ್ಯಕ್ತಿಗೆ ಸದ್ಯಕ್ಕೆ ಏನು ಬೇಕಾಗಿದೆ ಎಂಬುದನ್ನು ಮೂರು ನಾಲ್ಕು ಪದಗಳಲ್ಲಿ ಬರೆದೆ. ‘ಉತ್ತರ ಪ್ರಾಂತದ ಮೂರನೆಯ ದಳಪತಿ’ ಎಂಬುದು ಮರುದಿನಕ್ಕೆ ಮರೆತುಹೋಗುತ್ತದೆ. ‘ತಮ್ಮನನ್ನು ಹುಡುಕುತ್ತಿದ್ದಾನೆ’ ಎಂಬುದು ಐನೂರು ಪುಟ ದಾಟಿದರೂ ನೆನಪಿರುತ್ತದೆ.

ನಕ್ಷೆಯ ವಿಷಯದಲ್ಲಿ ನಾನು ಸ್ವಲ್ಪ ಅತಿಗೆ ಹೋದೆನೆಂದು ಒಪ್ಪಿಕೊಳ್ಳುತ್ತೇನೆ. ಒಂದು ಕಾದಂಬರಿಯ ನಕ್ಷೆಯನ್ನು ಕಾಗದದ ಮೇಲೆ ತೆಗೆದುಕೊಂಡು, ಪ್ರಯಾಣಿಕರ ದಾರಿಯನ್ನು ಪೆನ್ಸಿಲ್‌ನಿಂದ ಗುರುತಿಸುತ್ತಾ, ಒಂದೊಂದು ರಾತ್ರಿ ತಂಗಿದ ಜಾಗಕ್ಕೂ ಚುಕ್ಕಿ ಇಟ್ಟೆ. ಮೊದಲ ಸಂಪುಟದಲ್ಲಿ ಹನ್ನೊಂದು ದಿನ ಹಿಡಿದ ದಾರಿಯನ್ನು ಎರಡನೆಯ ಸಂಪುಟದಲ್ಲಿ ಅದೇ ಕುದುರೆಗಳು, ಅದೂ ಮಂಜು ಬೀಳುವ ಕಾಲದಲ್ಲಿ, ನಾಲ್ಕೇ ದಿನಗಳಲ್ಲಿ ಕ್ರಮಿಸಿಬಿಟ್ಟವು. ಬೆಂಕಿಯುಗುಳುವ ಡ್ರ್ಯಾಗನ್‌ಗಳನ್ನು ಚಕಾರವೆತ್ತದೆ ಒಪ್ಪಿಕೊಂಡಿದ್ದ ನಾನು ಈ ಕುದುರೆಗಳನ್ನು ಮಾತ್ರ ಒಪ್ಪಿಕೊಳ್ಳಲಾರದೆ ಹೋದೆ. ಏಕೆ ಹೀಗೆ ಎಂದು ಯೋಚಿಸಿದ್ದರಿಂದಲೇ ಬಲಪುಟದ ನಿಯಮ ಸಿಕ್ಕಿತು: ಮೊದಲ ನೂರು ಪುಟಗಳನ್ನು ಓದಿದ ಕೂಡಲೇ ‘ಈ ಲೋಕದಲ್ಲಿ ಏನು ಆಗದು’ ಎಂಬುದನ್ನು ಬರೆಯಬೇಕು. ಏನೇನು ಆಗಬಹುದು ಎಂದು ಬರೆಯಹೊರಟರೆ ಅದಕ್ಕೆ ಕೊನೆಯೇ ಇಲ್ಲ.

‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಲೇಖಕ ಟೋಲ್ಕಿನ್ 1939ರಲ್ಲಿ ಅದ್ಭುತ ಕಥೆಗಳನ್ನು ಕುರಿತು ಮಾಡಿದ ಉಪನ್ಯಾಸದ ಬರಹರೂಪದಲ್ಲಿ ಹಸಿರು ಸೂರ್ಯನ ಒಂದು ಉದಾಹರಣೆ ಬರುತ್ತದೆ. ‘ಹಸಿರು ಸೂರ್ಯ’ ಎಂದು ಯಾರು ಬೇಕಾದರೂ ಹೇಳಬಹುದು, ಆದರೆ ಆ ಸೂರ್ಯನನ್ನು ನಂಬುವಂತೆ ಮಾಡುವ ಲೋಕವೊಂದನ್ನು ಕಟ್ಟಲು ಶ್ರಮವೂ ಕೌಶಲವೂ ಬೇಕೆಂಬುದು ಅವರ ವಾದದ ತಿರುಳು. ನನ್ನ ‘ಆಗದು’ ಪುಟ ಆ ಶ್ರಮವನ್ನು ಅಳೆಯುವ ಕೋಲಾಯಿತು. ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ (1968) ಓದಿದಾಗ ಆ ಪುಟ ತುಂಬಿಹೋಗಿತ್ತು. ಅಲ್ಲಿ ಮಾಂತ್ರಿಕನಿಗೆ ಒಂದು ವಸ್ತುವಿನ ನಿಜವಾದ ಹೆಸರು ತಿಳಿಯದಿದ್ದರೆ ಅದರ ಮೇಲೆ ಹಿಡಿತವಿಲ್ಲ. ಆದ್ದರಿಂದಲೇ ಜನ ತಮ್ಮ ನಿಜನಾಮವನ್ನು ಬಚ್ಚಿಟ್ಟುಕೊಳ್ಳುತ್ತಾರೆ, ಅದನ್ನು ಇನ್ನೊಬ್ಬರಿಗೆ ಹೇಳುವುದೆಂದರೆ ಪ್ರಾಣವನ್ನೇ ಅವರ ಕೈಗೆ ಒಪ್ಪಿಸಿದಂತೆ. ಒಂದೇ ಒಂದು ಮಿತಿಯಿಂದ ಸ್ನೇಹ, ಭಯ, ಶಿಕ್ಷಣ, ದ್ರೋಹ ಎಲ್ಲವೂ ಹುಟ್ಟಿಬರುವುದನ್ನು ನೋಡಿ, ಇನ್ನೂರು ಪುಟಗಳ ಆಸುಪಾಸಿನ ಆ ಪುಸ್ತಕ ಎಂಟುನೂರು ಪುಟಗಳವುಗಳಿಗಿಂತ ವಿಶಾಲವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಇದಕ್ಕೆ ಪ್ರತಿಯಾಗಿ, ‘ಆಗದು’ ಪುಟ ಖಾಲಿ ಉಳಿದ ನಾಲ್ಕು ಕಾದಂಬರಿಗಳಲ್ಲಿ ನಾಯಕ ಎಷ್ಟು ಇಕ್ಕಟ್ಟಿಗೆ ಸಿಕ್ಕರೂ ನನಗೆ ಚಿಂತೆಯಾಗಲಿಲ್ಲ.

ಮೇ ತಿಂಗಳ ಹೊತ್ತಿಗೆ ಎಡಪುಟ ಮತ್ತು ಬಲಪುಟ ಒಂದನ್ನೊಂದು ನೋಡಿಕೊಳ್ಳತೊಡಗಿದವು. ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ 1929ರಲ್ಲಿ ಪತ್ತೇದಾರಿ ಕಥೆಗಳಿಗಾಗಿ ಅರೆ ತಮಾಷೆಯಿಂದ ಹಾಕಿಕೊಟ್ಟ ಹತ್ತು ನಿಯಮಗಳಲ್ಲಿ, ಅಪರಾಧಿಯ ಪ್ರಸ್ತಾಪ ಕಥೆಯ ಆರಂಭದ ಭಾಗದಲ್ಲಿಯೇ ಬಂದಿರಬೇಕೆಂಬುದು ಮೊದಲನೆಯದು. ಅತಿಮಾನುಷ ಶಕ್ತಿಗಳಿಗೆ ಪ್ರವೇಶವಿಲ್ಲವೆಂಬುದು ಎರಡನೆಯದು. ಮೇಲ್ನೋಟಕ್ಕೆ ಈ ಎರಡನೆಯ ನಿಯಮವೇ ನನ್ನ ನೋಟ್‌ಬುಕ್ಕನ್ನು ನಡುವೆ ಸೀಳುವ ಗೆರೆ. ಆದರೆ ಅದರ ಉದ್ದೇಶವನ್ನು ಹುಡುಕಿದರೆ, ಭೂತ ಬಂದರೆ ಕಥೆ ಕೆಡುತ್ತದೆ ಎಂಬುದಕ್ಕಿಂತ, ಹೇಳದೆ ಕೇಳದೆ ಬಂದರೆ ಓದುಗನಿಗೆ ಮೋಸವಾಗುತ್ತದೆ ಎಂಬುದೇ ಮುಖ್ಯವೆನಿಸುತ್ತದೆ. ರ‍್ಯಾಂಡಲ್ ಗ್ಯಾರೆಟ್ ಅವರ ‘ಟೂ ಮೆನಿ ಮೆಜಿಷಿಯನ್ಸ್’ (1967) ಇದನ್ನೇ ಪ್ರಯೋಗಕ್ಕೆ ಒಡ್ಡಿದಂತಿದೆ. ಮಂತ್ರವಿದ್ಯೆಯೇ ಕಟ್ಟುನಿಟ್ಟಿನ ಶಾಸ್ತ್ರವಾಗಿರುವ ಲೋಕದಲ್ಲಿ, ಮಾಂತ್ರಿಕರ ಸಮ್ಮೇಳನ ನಡೆಯುವ ಹೋಟೆಲಿನ ಬೀಗ ಹಾಕಿದ ಕೋಣೆಯೊಳಗೆ ಕೊಲೆಯಾಗುತ್ತದೆ, ಅದನ್ನು ಪತ್ತೆ ಹಚ್ಚುವ ಲಾರ್ಡ್ ಡಾರ್ಸಿಗೆ ಸ್ವತಃ ಮಂತ್ರಶಕ್ತಿಯಿಲ್ಲ. ಆ ಪುಸ್ತಕದ ಟಿಪ್ಪಣಿಯನ್ನು ಎಡಪುಟದಲ್ಲಿ ಬರೆಯಬೇಕೋ ಬಲಪುಟದಲ್ಲಿ ಬರೆಯಬೇಕೋ ತೋಚದೆ ಎರಡರ ನಡುವಿನ ಹೊಲಿಗೆಯ ಮೇಲೆ ಹಾದುಹೋಗುವಂತೆ ಬರೆದಿದ್ದೇನೆ. ಲೆಕ್ಕದಲ್ಲಿ ಮಾತ್ರ ಅದು ಪತ್ತೇದಾರಿಗೆ ಸೇರಿದೆ.

ಲೆಕ್ಕದ ಮಾತು ಬಂದದ್ದರಿಂದ ಹೇಳುತ್ತೇನೆ: ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನು ಮೂರೆಂದು ಎಣಿಸುವ ಆಸೆಯನ್ನು ಕಷ್ಟಪಟ್ಟು ಹತ್ತಿಕ್ಕಿದೆ. ಅದು 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತಾದರೂ ಟೋಲ್ಕಿನ್ ಅವರ ಪಾಲಿಗೆ ಒಂದೇ ಕಾದಂಬರಿಯಾಗಿತ್ತು. ನನಗೂ ಅದು ಏಳು ವಾರ ಹಿಡಿದ ಒಂದೇ ಕಾದಂಬರಿ. ಇನ್ನು ಕೈಬಿಟ್ಟ ಆರರಲ್ಲಿ ನಾಲ್ಕು ಮುಗಿಯದ ಸರಣಿಗಳ ಮೊದಲ ಸಂಪುಟಗಳು. ಇದರಲ್ಲಿ ಲೇಖಕರ ತಪ್ಪಿಗಿಂತ ನನ್ನ ಸ್ವಭಾವದ ಪಾಲೇ ಹೆಚ್ಚಿರಬಹುದು. ವಾರಕ್ಕೊಂದು ರಹಸ್ಯ ಬಗೆಹರಿಯುವುದನ್ನು ನೋಡಿ ರೂಢಿಯಾದವನಿಗೆ, ಇನ್ನೂ ಬರೆಯದ ಆರನೆಯ ಸಂಪುಟಕ್ಕಾಗಿ ಕಾಯುವ ತಾಳ್ಮೆ ಇರುವುದಿಲ್ಲ.

ಡಿಸೆಂಬರಿನಲ್ಲಿ ಹೊಸದೇನನ್ನೂ ತೆಗೆಯದೆ, ಜನವರಿಯಲ್ಲಿ ಮೊಟ್ಟಮೊದಲು ಓದಿ ಸೋತಿದ್ದ ಪತ್ತೇದಾರಿ ಕಾದಂಬರಿಯನ್ನು ಮತ್ತೆ ಓದಿದೆ. ಅದರಲ್ಲಿ ರಾತ್ರಿಯಿಡೀ ಸುರಿದ ಮಳೆಯಲ್ಲಿ ನೆನೆಯುತ್ತಾ ನಸುಕಿನಲ್ಲಿ ಬಂದೆನೆಂದು ಒಬ್ಬ ಅತಿಥಿ ಹೇಳುತ್ತಾನೆ, ಅವನು ಮನೆಯಿಂದ ಹೊರಗೇ ಹೋಗಿರಲಿಲ್ಲವೆಂಬುದು ಕೊನೆಯಲ್ಲಿ ತಿಳಿಯುತ್ತದೆ. ಮೂರನೆಯ ಅಧ್ಯಾಯದಲ್ಲಿ ಮನೆಯ ಪಡಸಾಲೆಯ ವರ್ಣನೆಯಿದೆ: ಗೋಡೆಯ ಗಡಿಯಾರ, ಬಣ್ಣ ಮಾಸಿದ ಕಂಬಳಿ, ನಾಯಿಯ ಸರಪಳಿ, ಮೂಲೆಗೆ ಒರಗಿಸಿಟ್ಟ ಒಣಗಿದ ಕೊಡೆ, ಎರಡು ಊರುಗೋಲು, ಒಡೆದ ಹೂದಾನಿ, ಹಳೆಯ ಪತ್ರಿಕೆಗಳ ಕಟ್ಟು. ಏಳು ವಸ್ತುಗಳ ಸರಿನಡುವಿನಲ್ಲಿ ಆ ಕೊಡೆಯಿದೆ, ಮರುವಾಕ್ಯದಲ್ಲಿಯೇ ಮಹಡಿಯಿಂದ ಚೀತ್ಕಾರ ಕೇಳಿಸುತ್ತದೆ, ಓದುಗ ಮೆಟ್ಟಿಲು ಹತ್ತಿ ಓಡುತ್ತಾನೆ. ಅದೂ ನಿರೂಪಕನದೇ ಮಾತು, ಅಂದರೆ ನೀಲಿ ಶಾಯಿಗೆ ಸಲ್ಲಬೇಕಾದದ್ದು. ಜನವರಿಯ ಟಿಪ್ಪಣಿಯಲ್ಲಿ ಏನಿದೆಯೆಂದು ಕುತೂಹಲದಿಂದ ನೋಟ್‌ಬುಕ್ಕಿನ ಮೊದಲ ಎಡಪುಟವನ್ನು ತೆರೆದೆ. ಮೂರನೆಯ ಅಧ್ಯಾಯ ಎಂಬುದರ ಮುಂದೆ, ಪೆನ್ಸಿಲ್‌ನಲ್ಲಿ, ನನ್ನದೇ ಅವಸರದ ಅಕ್ಷರದಲ್ಲಿ ‘ಬರೀ ವರ್ಣನೆ’ ಎಂದಷ್ಟೇ ಬರೆದಿತ್ತು.