ಹೊಟ್ಟೆಯಲ್ಲಿ ಹುಳ ಇದ್ದರೆ ಒಳ್ಳೇದಂತೆ ಅನ್ನೋ ಮೆಸೇಜ್ ಬಂದರೆ ಹೀಗೆ ಓದಿ

ಹೊಟ್ಟೆಯಲ್ಲಿ ಹುಳ ಇದ್ದರೆ ಅಲರ್ಜಿ ಬರಲ್ಲ, ಅಮೆರಿಕದ ವಿಜ್ಞಾನಿಯೇ ಹೇಳಿದ್ದಾರೆ, ಮಕ್ಕಳಿಗೆ ಜಂತುಹುಳದ ಮಾತ್ರೆ ಕೊಡಬೇಡಿ. ಇಂಥ ಮೆಸೇಜ್ ನಿಮಗೂ ಬಂದಿರಬಹುದು. ಇದರಲ್ಲಿ ಸ್ವಲ್ಪ ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ. ಆ ನಿಜ ಎಲ್ಲಿಯವರೆಗೆ ಅಂತ ನೀವೇ ನೋಡಿಕೊಳ್ಳಬಹುದು.

ಮೊದಲು, ಯಾವ ಹುಳ ಅಂತ ಕೇಳಿ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿದ್ದ ವಿಜ್ಞಾನಿ ಜೋಯಲ್ ವೈನ್‌ಸ್ಟಾಕ್ ಅವರ ತಂಡ ಕರುಳಿನ ಕಾಯಿಲೆಯ ರೋಗಿಗಳಿಗೆ ಕುಡಿಸಿದ್ದು ಹಂದಿಯ ಚಾಟಿಹುಳದ ಮೊಟ್ಟೆ. ಅದು ಮನುಷ್ಯರ ಕರುಳಲ್ಲಿ ಜಾಸ್ತಿ ದಿನ ಉಳಿಯಲ್ಲ, ಆರಿಸಿಕೊಂಡದ್ದೇ ಅದಕ್ಕೆ. ನಮ್ಮ ಮಕ್ಕಳಿಗೆ ಅಂಟುವ ಕೊಕ್ಕೆಹುಳದ ಕಥೆ ಬೇರೆ. ಒದ್ದೆ ಮಣ್ಣಲ್ಲಿ ಬರಿಗಾಲಲ್ಲಿ ಓಡಾಡಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಬೆರಳ ಸಂದಿಯ ಚರ್ಮ ತೂರಿ ಒಳಗೆ ಹೋಗುತ್ತದೆ, ಅಲ್ಲಿ ಸ್ವಲ್ಪ ತುರಿಕೆ, ಆಮೇಲೆ ರಕ್ತದ ಜೊತೆ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ ಹತ್ತಿ ಬಂದು ಉಗುಳಿನ ಜೊತೆ ನುಂಗಿಸಿಕೊಂಡು ಸಣ್ಣ ಕರುಳು ಸೇರುತ್ತದೆ. ಬೆಳೆದರೂ ಸುಮಾರು ಒಂದು ಸೆಂಟಿಮೀಟರ್. ಕರುಳಿನ ಗೋಡೆ ಕಚ್ಚಿಕೊಂಡು ದಿನಾ ರಕ್ತ ಹೀರುತ್ತದೆ. ಒಂದೆರಡು ಇದ್ದರೆ ಗೊತ್ತಾಗಲ್ಲ. ಜಾಸ್ತಿಯಾದರೆ ಮಗುವಿನ ಕೆಳಗಿನ ರೆಪ್ಪೆ ಎಳೆದು ನೋಡಿ, ಒಳಗೆ ಕೆಂಪು ಇರಬೇಕಾದಲ್ಲಿ ಬಿಳಿಚಿಕೊಂಡಿರುತ್ತದೆ.

ಆಮೇಲೆ, ಎಷ್ಟು ಜನರ ಮೇಲೆ ನೋಡಿದರು, ಯಾರ ಜೊತೆ ಹೋಲಿಸಿದರು ಅಂತ ಕೇಳಿ. ವೈನ್‌ಸ್ಟಾಕ್ ತಂಡ 2005ರಲ್ಲಿ ಕ್ರೋನ್ಸ್ ಕಾಯಿಲೆಯ 29 ರೋಗಿಗಳ ಫಲಿತಾಂಶ ಪ್ರಕಟಿಸಿತು. ಅಲರ್ಜಿಯಲ್ಲಿ ಆಗುವ ಹಾಗೆ ರೋಗನಿರೋಧಕ ಶಕ್ತಿ ಅತಿಯಾಗಿ ಕೆರಳಿ, ಕರುಳನ್ನೇ ಹುಣ್ಣು ಮಾಡುವ ಕಾಯಿಲೆ ಇದು. ಮೂರು ವಾರಕ್ಕೊಮ್ಮೆ 2,500 ಮೊಟ್ಟೆ, ಒಟ್ಟು 24 ವಾರ. 23 ಜನ ಸುಧಾರಿಸಿದರು! ಆದರೆ ಎಲ್ಲರಿಗೂ ತಾವು ಕುಡಿಯುತ್ತಿರುವುದು ಏನು ಅಂತ ಗೊತ್ತಿತ್ತು, ಹೋಲಿಸೋಕೆ ಸುಳ್ಳು ಔಷಧಿ (ನೋಡೋಕೆ ಔಷಧಿಯಂತೆ, ಒಳಗೆ ಔಷಧಿ ಇಲ್ಲ) ಕುಡಿದ ಗುಂಪು ಇರಲಿಲ್ಲ. 2013ರಲ್ಲಿ ಅದೇ ಕಾಯಿಲೆಯ 250 ರೋಗಿಗಳ ಮೇಲೆ, ಸುಳ್ಳು ಔಷಧಿಯ ಗುಂಪನ್ನೂ ಇಟ್ಟು ನೋಡಿದಾಗ, ಮೊಟ್ಟೆ ಹೇಳಿಕೊಳ್ಳುವಂಥ ಲಾಭ ತೋರಿಸಲಿಲ್ಲ. ಮೆಸೇಜ್ 2005ಕ್ಕೇ ನಿಂತಿದ್ದರೆ ಅದು ಅರ್ಧ ಕಥೆ.

ಮೂರನೆಯದು ನನಗೆ ತುಂಬಾ ಇಷ್ಟವಾದ ಭಾಗ: ಹುಳ ನಮ್ಮ ರೋಗನಿರೋಧಕ ಶಕ್ತಿಯನ್ನು ಯಾಕೆ ತಣಿಸುತ್ತದೆ? ತಾನು ಬದುಕೋಕೆ. ಹುಳ ಬಂದದ್ದನ್ನು ಕರುಳಿನ ಒಳಪದರದ ಟಫ್ಟ್ ಕೋಶಗಳು ಗುರುತಿಸಿ ಎಚ್ಚರಿಕೆ ಕೊಡುತ್ತವೆ, ಲೋಳೆ ಜಾಸ್ತಿಯಾಗುತ್ತದೆ, ಹುಳವನ್ನು ಹೊರಗೆ ತಳ್ಳೋ ಕೆಲಸ ಶುರುವಾಗುತ್ತದೆ. ಹುಳವೂ ಸುಮ್ನೆ ಕೂರಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ವಿಜ್ಞಾನಿ ರಿಕ್ ಮೈಝೆಲ್ಸ್ ಮತ್ತು ಸಂಗಡಿಗರು ಇಲಿಯ ಕರುಳಿನ ಹುಳವೊಂದರಲ್ಲಿ ಒಂದು ಪ್ರೋಟೀನ್ ಕಂಡುಹಿಡಿದು 2017ರಲ್ಲಿ ಪ್ರಕಟಿಸಿದರು. ನಮ್ಮ ದೇಹ ಉರಿಯೂತ ತಣಿಸೋಕೆ ಬಳಸುವ ಟಿಜಿಎಫ್-ಬೀಟಾ ಅನ್ನೋ ಸಂದೇಶವನ್ನೇ ಅದು ಅನುಕರಿಸುತ್ತದೆ. ಕಳ್ಳ ಯಜಮಾನನ ದನಿಯಲ್ಲೇ ಕರೆದು ನಾಯಿಯನ್ನು ಸುಮ್ಮನಾಗಿಸಿದ ಹಾಗೆ. ಈ ಪ್ರೋಟೀನಿನಿಂದಲೇ ಔಷಧಿ ಮಾಡಲು ಸಾಧ್ಯವಾದರೆ ಹುಳ ಸಾಕೋದೇ ಬೇಡ ಅಲ್ವಾ? ಸಂಶೋಧಕರ ಆಸೆ ಈಗ ಅಲ್ಲಿದೆ.

ನಾಯಿ ಸುಮ್ಮನಾದರೆ, ಅಂದರೆ ರೋಗನಿರೋಧಕ ಶಕ್ತಿ ತಣ್ಣಗಾದರೆ, ಬೇರೆ ಕಳ್ಳರಿಗೂ ದಾರಿ ಸಲೀಸು. ಈಕ್ವೆಡಾರ್‌ನಲ್ಲಿ ದುಂಡುಹುಳ ಇದ್ದ ಮಕ್ಕಳಿಗೆ ಮೊದಲು ಹುಳದ ಮಾತ್ರೆ ಕೊಟ್ಟು ಆಮೇಲೆ ಕಾಲರಾ ಲಸಿಕೆ ಕುಡಿಸಿದಾಗ ಲಸಿಕೆಗೆ ದೇಹ ಇನ್ನೂ ಚೆನ್ನಾಗಿ ಸ್ಪಂದಿಸಿತು.

ಹಾಗಾಗಿ ಮನೆಯಲ್ಲಿ ಮಾಡಬೇಕಾದ್ದು: ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಶಾಲೆ, ಅಂಗನವಾಡಿಯಲ್ಲಿ 1ರಿಂದ 19 ವರ್ಷದವರಿಗೆ ಕೊಡುವ ಜಂತುಹುಳದ ಮಾತ್ರೆ ಅಲ್ಬೆಂಡಜೋಲ್ ತಪ್ಪಿಸಬೇಡಿ. 400 ಮಿಲಿಗ್ರಾಂನದು, ದೊಡ್ಡ ಮಕ್ಕಳು ಚೆನ್ನಾಗಿ ಅಗಿದು ತಿನ್ನಬೇಕು. ಒಂದರಿಂದ ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ ಸಾಕು, ಎರಡು ಚಮಚದ ನಡುವೆ ಇಟ್ಟು ಒತ್ತಿ ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಿ, ಇಡೀ ಮಾತ್ರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಆ ದಿನ ಜ್ವರ ಇದ್ದರೆ ಟೀಚರಿಗೋ ಆಶಾ ಕಾರ್ಯಕರ್ತೆಗೋ ಹೇಳಿ, ಹುಷಾರಾದ ಮೇಲೆ ಕೊಡಿಸಿ. ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬಂದರೆ ಹೆದರಬೇಡಿ, ಸಾಮಾನ್ಯವಾಗಿ ತಾನಾಗೇ ಹೋಗುತ್ತದೆ. ಮಾತ್ರೆ ಮತ್ತೆ ಹುಳ ಅಂಟೋದನ್ನು ತಡೆಯಲ್ಲ, ಕಾಲಿಗೆ ಚಪ್ಪಲಿ ಬೇಕೇ ಬೇಕು. ಆನ್‌ಲೈನಲ್ಲಿ ಹುಳದ ಮೊಟ್ಟೆ ಮಾರುವವರಿಂದ ದೂರ ಇರಿ.

ಇನ್ನೊಂದು ವಿಷಯ, ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಸ್ಟ್ರಾಂಜಿಲಾಯ್ಡಿಸ್ ಅನ್ನೋ ಸಣ್ಣ ಹುಳ ದೇಹದೊಳಗೇ ಮರಿ ಮಾಡಿಕೊಂಡು ದಶಕಗಟ್ಟಲೆ ಇರಬಲ್ಲದು. ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟೀರಾಯ್ಡ್ ಔಷಧಿ ಶುರುವಾದರೆ ಒಮ್ಮೆಲೇ ಹೆಚ್ಚಿ ಜೀವಕ್ಕೇ ಕುತ್ತು ತರಬಹುದು. ನಿಮ್ಮ ಅಪ್ಪ ಅಮ್ಮ ಗದ್ದೆಯಲ್ಲಿ ಬರಿಗಾಲಲ್ಲಿ ದುಡಿದವರಾಗಿದ್ದು ಈಗ ಅವರಿಗೆ ಡಾಕ್ಟರು ಸ್ಟೀರಾಯ್ಡ್ ಬರೆಯುತ್ತಿದ್ದರೆ, ಮಾತ್ರೆ ಶುರು ಮಾಡುವ ಮೊದಲೇ ಈ ಹುಳದ ಹೆಸರು ಹೇಳಿ ಪರೀಕ್ಷೆ ಬೇಕಾ ಅಂತ ಕೇಳಿ.