ಕ್ಯಾಟಲಾಗಿನಲ್ಲಿ ಒಡೆಯುತ್ತಿದ್ದ ಒತ್ತಕ್ಷರ: ನನ್ನ ಅನುಭವ

ಶಿವಮೊಗ್ಗದಲ್ಲಿ ನಮ್ಮ ವಿದ್ಯಾರ್ಥಿಗಳ ಸಮೂಹ ಪ್ರದರ್ಶನಕ್ಕೆ 28 ಪುಟಗಳ ಕ್ಯಾಟಲಾಗ್ ಮಾಡುತ್ತಿದ್ದೆ. ಮಲೆನಾಡಿನ ಗೋಡೆ ಚಿತ್ರಕಲೆಯಾದ ಹಸೆ ಚಿತ್ತಾರದ ಬಗೆಗಿನ ಲೇಖನವನ್ನು ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ಗೆ ತಂದೊಡನೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾದವು. ‘ಶಿವಮೊಗ್ಗ’ ಎಂಬುದು ‘ಶಿವಮೊಗ್‌ಗ’ ಆಗಿ ಕಾಣುತ್ತಿತ್ತು.

ಮೂರು ಫಾಂಟ್ ಬದಲಿಸಿದೆ, ಫಲವಿಲ್ಲ. ಪಠ್ಯವನ್ನು ಯುನಿಕೋಡ್‌ಗಿಂತ ಹಳೆಯ ಅಕ್ಷರ ಸಂಕೇತವಾದ ನುಡಿ ಆಸ್ಕಿಗೆ ಪರಿವರ್ತಿಸಿದಾಗ ಅರ್ಕಾವತ್ತುಗಳು ಸ್ಥಾನ ತಪ್ಪಿದವು. ಚಿತ್ರವಾಗಿ ಅಂಟಿಸಿದರೆ ಅಚ್ಚಿನಲ್ಲಿ ಅಕ್ಷರದ ಅಂಚು ಮಸುಕು.

ದೋಷ ಫಾಂಟಿನದಲ್ಲ, ಅಕ್ಷರಗಳನ್ನು ಕೂಡಿಸಿ ಸಾಲಾಗಿ ಜೋಡಿಸುವ ಇನ್‌ಡಿಸೈನಿನ ಕಂಪೋಸರಿನದು. ಪ್ರಿಫರೆನ್ಸಸ್‌ನಲ್ಲಿ ಡೀಫಾಲ್ಟ್ ಕಂಪೋಸರ್ ಬದಲಿಸಿದರೆ ಈಗಾಗಲೇ ಇರುವ ಪಠ್ಯ ಸರಿಹೋಗುವುದಿಲ್ಲ; ನಾನು ಎರಡು ದಿನ ಕಳೆದದ್ದು ಅಲ್ಲಿಯೇ. ಪ್ಯಾರಾಗಳ ರೂಪವನ್ನು ಒಟ್ಟಿಗೆ ನಿಗದಿಪಡಿಸುವ ಪ್ಯಾರಾಗ್ರಾಫ್ ಸ್ಟೈಲ್ ತೆರೆದು, ಜಸ್ಟಿಫಿಕೇಶನ್ ವಿಭಾಗದಲ್ಲಿ ಕಂಪೋಸರ್ ಎದುರು ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಬೇಕು. ಶೀರ್ಷಿಕೆ, ಚಿತ್ರವಿವರ, ಕಲಾವಿದರ ಪರಿಚಯ ಎಲ್ಲದರ ಸ್ಟೈಲೂ ಇದನ್ನೇ ಆಧರಿಸಿರಲಿ. ಆಮೇಲೆ ಪಠ್ಯವನ್ನೆಲ್ಲ ಆಯ್ದು ಸ್ಟೈಲ್ ಹಚ್ಚಿ, ಸ್ಟೈಲ್ ಹೆಸರಿನ ಪಕ್ಕದ ಕೂಡು ಚಿಹ್ನೆ (+) ಹೋಗುವವರೆಗೆ ಓವರ್‌ರೈಡ್ (ಸ್ಟೈಲ್ ಮೀರಿ ಉಳಿದ ಬಿಡಿ ಬದಲಾವಣೆ) ತೆಗೆಯಿರಿ. ಇದನ್ನು ಬಿಟ್ಟರೆ ಅಂಟಿಸಿ ತಂದ ಸಾಲುಗಳು ಹಾಗೆಯೇ ಉಳಿಯುತ್ತವೆ.

ಫಾಂಟ್ ನೋಟೊ ಸೆರಿಫ್ ಕನ್ನಡ, 10 ಪಾಯಿಂಟ್, ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಅಂತರ) 0. ಲೀಡಿಂಗ್ (ಸಾಲುಗಳ ಅಂತರ) 16 ಪಾಯಿಂಟ್ ಇಟ್ಟೆ. ‘ಆಟೊ’ ಕೊಡುವ 12 ಕನ್ನಡಕ್ಕೆ ಸಾಲದು: ‘ರಾಷ್ಟ್ರ’ದಂತಹ ಪದದ ಒತ್ತು ಕೆಳಸಾಲಿಗೆ ತಾಗುತ್ತದೆ.

ಕೊನೆಗೆ ಅಚ್ಚಿಗೆಂದೇ ಇರುವ ಪಿಡಿಎಫ್/ಎಕ್ಸ್-4 ಮಾದರಿಯಲ್ಲಿ, 3 ಮಿ.ಮೀ. ಬ್ಲೀಡ್ (ಕತ್ತರಿಸುವ ಅಂಚಿನಾಚೆಗೆ ಬಿಡುವ ಹೆಚ್ಚುವರಿ ಭಾಗ) ಇಟ್ಟು, ಬಿಡಿ ಪುಟಗಳಾಗಿ ರಫ್ತು. ಪ್ರೆಸ್‌ಗೆ ಇನ್‌ಡಿಸೈನ್ ಕಡತ ಕೊಡದೆ ಈ ಪಿಡಿಎಫ್ ಮಾತ್ರ ಕೊಟ್ಟೆ. ಅಚ್ಚಾಗಿ ಬಂದ ಪ್ರತಿಯಲ್ಲಿ ಒಂದು ಒತ್ತೂ ಒಡೆದಿರಲಿಲ್ಲ.